ಸಹಾಯ ಬೇಕು: 1924ರ ನ್ಯೂಯಾರ್ಕ್ ಪಂದ್ಯಾವಳಿಯ ಒಂದು ಆಟವನ್ನು ಕನ್ನಡದಲ್ಲಿ ವಿವರಿಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಮಕ್ಕಳಿಗೆ ಚದುರಂಗ ಹೇಳಿಕೊಡುತ್ತಿರುವ ನಾನು, 1924ರ ಮಾರ್ಚ್–ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನ ಅಲಮಾಕ್ ಹೋಟೆಲಿನಲ್ಲಿ ನಡೆದ ಅಂತರರಾಷ್ಟ್ರೀಯ ಪಂದ್ಯಾವಳಿಯ ಕುರಿತು ಕನ್ನಡದಲ್ಲಿ ಪಾಠವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಹನ್ನೊಂದು ಆಟಗಾರರಿದ್ದ ಅಲ್ಲಿ 55ರ ವಯಸ್ಸಿನ ಮಾಜಿ ವಿಶ್ವ ಚಾಂಪಿಯನ್ ಎಮಾನ್ಯುಯೆಲ್ ಲಾಸ್ಕರ್ 20 ಆಟಗಳಿಂದ 16 ಅಂಕ ಗಳಿಸಿ ಗೆದ್ದರು. ಆದರೆ ನನ್ನ ಮನಸ್ಸು ನೆಟ್ಟಿರುವುದು, ಎಂಟು ವರ್ಷ ಸೋಲನ್ನೇ ಕಾಣದಿದ್ದ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಅವರನ್ನು ರಿಚರ್ಡ್ ರೇಟಿ ಮಣಿಸಿದ ಆಟದಲ್ಲಿ.

ರೇಟಿ ನಡುವಿನ ಮನೆಗಳಿಗೆ ಕಾಲಾಳುಗಳನ್ನು ತಕ್ಷಣ ನೂಕದೆ, ಎರಡೂ ಒಂಟೆಗಳನ್ನು ಅಂಚಿನ ಬಳಿ ನಿಲ್ಲಿಸಿ ದೂರದಿಂದಲೇ ಆ ಮನೆಗಳ ಮೇಲೆ ಹಿಡಿತ ಸಾಧಿಸಿದರು. 31ನೆಯ ನಡೆಯಲ್ಲಿ ಬಿಳಿಯ ಆನೆ, ಕುದುರೆಯ ಕಾವಲಿನಲ್ಲಿ, ಕರಿಯ ಮಂತ್ರಿಯ ಪಕ್ಕದಲ್ಲೇ ಬಂದು ನಿಂತಾಗ ಕಾಪಾಬ್ಲಾಂಕಾ ಸೋಲೊಪ್ಪಿಕೊಂಡರು. ಎಷ್ಟು ಸಲ ಆಡಿ ನೋಡಿದರೂ ನನಗೆ ರೋಮಾಂಚನವಾಗುತ್ತದೆ.

ಒಂಟೆಯನ್ನು ಹೀಗೆ ನಿಲ್ಲಿಸುವ ‘ಫಿಯಾಂಕೆಟ್ಟೊ’ಗೆ, ನಡುವಿನ ಮನೆಗಳನ್ನು ದೂರದಿಂದಲೇ ಹಿಡಿತದಲ್ಲಿಡುವ ಈ ‘ಹೈಪರ್‌ಮಾಡರ್ನ್’ ಶೈಲಿಗೆ ಹತ್ತು ವರ್ಷದ ಮಕ್ಕಳಿಗೂ ತಿಳಿಯುವಂಥ ಕನ್ನಡ ಪದಗಳನ್ನು ನೀವು ಬಳಸುತ್ತಿದ್ದರೆ ದಯವಿಟ್ಟು ತಿಳಿಸಿ. ಈ ಆಟವನ್ನು ಮಕ್ಕಳಿಗೆ ಕಲಿಸಿದ ಅನುಭವವಿರುವವರು, ಎಲ್ಲಿ ನಿಲ್ಲಿಸಿ ಅವರನ್ನೇ ಮುಂದಿನ ನಡೆ ಕೇಳಬೇಕೆಂಬುದನ್ನೂ ಹೇಳಿದರೆ ತುಂಬಾ ಉಪಕಾರವಾಗುತ್ತದೆ.