22 ಮಕ್ಕಳ ಶಾಲೆ: ಖರ್ಚು ಜಾಸ್ತಿ ಎಂದವರಿಗೆ ಯಾವ ಲೆಕ್ಕ ತೋರಿಸಬೇಕು?

ಪ್ರಶ್ನೆ: ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷೆ, ಕೊಡಗಿನ ಸಿದ್ದಾಪುರ ಕಡೆ

ನಮ್ಮದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. 1ರಿಂದ 5ನೇ ತರಗತಿ, 22 ಮಕ್ಕಳು, ಇಬ್ಬರು ಶಿಕ್ಷಕರು. ಹೆಚ್ಚಿನ ಮಕ್ಕಳು ಕಾಫಿ ತೋಟದ ಕಾರ್ಮಿಕರ ಲೈನ್‌ಮನೆಗಳಿಂದ ಬರುತ್ತಾರೆ. ಮೊನ್ನೆ ಗ್ರಾಮಸಭೆಯಲ್ಲಿ ಒಬ್ಬರು ಎದ್ದು ನಿಂತು, "ಇಷ್ಟೇ ಮಕ್ಕಳಿಗೆ ಅಷ್ಟೊಂದು ದುಡ್ಡಾ? ಮುಚ್ಚಿ ದೊಡ್ಡ ಶಾಲೆಗೆ ಸೇರಿಸಿ" ಎಂದರು. ತುಂಬಾ ಬೇಜಾರಾಯಿತು. ದೊಡ್ಡ ಶಾಲೆ 4 ಕಿ.ಮೀ. ದೂರ, ದಾರಿಯಲ್ಲಿ ಆನೆ ಕಾಟ. ಆದರೆ ಅವರ ಪ್ರಶ್ನೆಯನ್ನು ಸುಮ್ನೆ ತಳ್ಳಿಹಾಕುವ ಮನಸ್ಸೂ ಇಲ್ಲ, ಅದು ಜನರ ದುಡ್ಡು. ಸರಿಯಾಗಿ ಬಳಕೆಯಾಗುತ್ತಿದೆಯಾ ಎಂದು ನಾವೇ ಅಳೆಯುವುದು ಹೇಗೆ?

ಉತ್ತರ: ನಿವೃತ್ತ ಮುಖ್ಯ ಶಿಕ್ಷಕ, ಸೋಮವಾರಪೇಟೆ

ಮೇಡಂ, ಮೊದಲು ಅವರ ಲೆಕ್ಕವನ್ನೇ ಬಿಡಿಸಿ ನೋಡಿ. ಶಾಲೆಯ ಖರ್ಚಿನಲ್ಲಿ ಬಹುಪಾಲು ಸಂಬಳ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಬೇಕು. ಇಬ್ಬರ ಸಂಬಳ ವರ್ಷಕ್ಕೆ 12 ಲಕ್ಷ ಅಂದುಕೊಳ್ಳಿ. 60 ಮಕ್ಕಳಿದ್ದರೆ ತಲಾ 20,000 ರೂಪಾಯಿ, 20 ಮಕ್ಕಳಿದ್ದರೆ 60,000. ಊರಿನಲ್ಲಿ ಮಕ್ಕಳು ಕಡಿಮೆ ಎನ್ನುವುದನ್ನು ಬಿಟ್ಟು ಈ ಅಂಕಿ ಬೇರೇನೂ ಹೇಳುವುದಿಲ್ಲ. ದುಡ್ಡು ಪೋಲಾಯಿತು ಎಂದು ಇದರಿಂದ ತೀರ್ಮಾನಿಸಲು ಆಗುವುದಿಲ್ಲ.

ಅಳೆಯಬೇಕಾದದ್ದು ಕಲಿಕೆಯನ್ನು. ಹಳ್ಳಿ ಮಕ್ಕಳ ಓದು, ಲೆಕ್ಕ ಎಷ್ಟಿದೆ ಎಂದು ನೋಡುವ ಪ್ರಥಮ್ ಸಂಸ್ಥೆಯ ಅಸರ್ ಸಮೀಕ್ಷೆಯ ಓದಿನ ಹಾಳೆ ಕನ್ನಡದಲ್ಲೇ ಇದೆ. ಅಕ್ಷರ, ಪದ, 1ನೇ ತರಗತಿ ಮಟ್ಟದ ಪ್ಯಾರಾ, 2ನೇ ತರಗತಿ ಮಟ್ಟದ ಕತೆ. ಒಬ್ಬೊಬ್ಬರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ. ಜೂನ್‌ನಲ್ಲಿ ಒಮ್ಮೆ, ಮಾರ್ಚ್‌ನಲ್ಲಿ ಮತ್ತೊಮ್ಮೆ. ಯಾರು ಎಷ್ಟು ಮೆಟ್ಟಿಲು ಹತ್ತಿದರು ಎಂದು ಬರೆದಿಡಿ. ಯರವ ಬುಡಕಟ್ಟಿನ ಹಾಡಿಯ ಮಗುವೋ, ಅಸ್ಸಾಂನಿಂದ ಬಂದ ಕುಟುಂಬದ ಮಗುವೋ, ಮನೆಯಲ್ಲಿ ಕನ್ನಡವೇ ಇಲ್ಲದಿದ್ದರೂ ಅಕ್ಷರದಿಂದ ಪ್ಯಾರಾದವರೆಗೆ ಬಂದರೆ ಆ ಶಿಕ್ಷಕರ ಸಂಬಳ ಸಾರ್ಥಕ ಅಲ್ವಾ? ಸರಾಸರಿ ಅಂಕದಲ್ಲಿ ಇದು ಕಾಣುವುದೇ ಇಲ್ಲ.

ಉತ್ತರ: ಪಂಚಾಯಿತಿ ಸದಸ್ಯ, ಪೊನ್ನಂಪೇಟೆ ತಾಲೂಕು

ಸರ್ ಹೇಳಿದ್ದು ಸರಿ. ನಾನು ಸಣ್ಣ ದುಡ್ಡಿನ ಬಗ್ಗೆ ಹೇಳುತ್ತೇನೆ. ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ. ಅದರಲ್ಲಿ ಕನಿಷ್ಠ ಶೇ. 10 ಸ್ವಚ್ಛತೆಗೆ ಹೋಗಬೇಕು. ಇಷ್ಟರಲ್ಲಿ ಉಳಿತಾಯ ಮಾಡುವುದೆಂದರೆ ಯಾವಾಗ ಖರ್ಚು ಮಾಡುತ್ತೀರಿ ಎಂಬುದೇ ಮುಖ್ಯ. ಮಳೆ ಹಿಡಿಯುವ ಮೊದಲು ಒಡೆದ ಹೆಂಚು ಬದಲಾಯಿಸಿ, ಮಾಡಿನ ನೀರು ಹರಿಯುವ ದೋಣಿಯಲ್ಲಿ ತುಂಬಿದ ಎಲೆ ತೆಗೆಸಿದರೆ ಸ್ವಲ್ಪದರಲ್ಲಿ ಮುಗಿಯುತ್ತದೆ. ಬಿಟ್ಟರೆ ಜುಲೈ ಮಳೆಗೆ ಗೋಡೆ ನೆನೆಯುತ್ತದೆ, ಚಿಕ್ಕ ತರಗತಿಗಳ ನಲಿ-ಕಲಿ ಪಾಠದ ಕಾರ್ಡುಗಳಿಗೆ ಬೂಷ್ಟು ಹಿಡಿಯುತ್ತದೆ, ವೈರಿಂಗ್ ಕೆಡುತ್ತದೆ. ಆದರೆ ಎಷ್ಟೋ ಕಡೆ ನಡೆಯುವುದೇನು? ಮಾರ್ಚ್ ಕೊನೆಯಲ್ಲಿ ದುಡ್ಡು ವಾಪಸ್ ಹೋಗುತ್ತದೆ ಎಂದು ಗಡಿಬಿಡಿಯಲ್ಲಿ ಬಣ್ಣ ಹೊಡೆಸುವುದು. ಇದು ನನಗೆ ತುಂಬಾ ನೋವು ಕೊಡುವ ವಿಷಯ. ಏಪ್ರಿಲ್‌ನಲ್ಲೇ ಎಸ್‌ಡಿಎಂಸಿ ಸಭೆ ಕರೆದು ರಿಪೇರಿ ಪಟ್ಟಿ ಮಾಡಿ. ದೊಡ್ಡ ಕೆಲಸವಿದ್ದರೆ ಪಂಚಾಯಿತಿಯ ಕ್ರಿಯಾ ಯೋಜನೆಗೆ ಬರೆದುಕೊಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ಇನ್ನೊಂದು ಕಷ್ಟವಿದೆ. ಕಾಫಿ ಕೊಯ್ಲು ಶುರುವಾದರೆ ಹಾಜರಾತಿ ಬಿದ್ದುಹೋಗುತ್ತದೆ. ದೊಡ್ಡ ಮಕ್ಕಳು ತಮ್ಮ-ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿಯುತ್ತಾರೆ. ಇದನ್ನು ಲೆಕ್ಕದಲ್ಲಿ ಎಲ್ಲಿ ಹಿಡಿಯುವುದು?

ಉತ್ತರ: ನಿವೃತ್ತ ಮುಖ್ಯ ಶಿಕ್ಷಕ, ಸೋಮವಾರಪೇಟೆ

ದಾಖಲಾತಿಯ ಬದಲು ಮಕ್ಕಳು ಬಂದ ದಿನಗಳನ್ನು ಕೂಡಿಸಿ. ತಿಂಗಳುವಾರು ಬರೆದರೆ ಡಿಸೆಂಬರ್, ಜನವರಿಯ ಗುಂಡಿ ಎದ್ದು ಕಾಣುತ್ತದೆ. ನಿಮ್ಮಲ್ಲಿ ನಿಜವಾದ ನಷ್ಟ ಆಗುತ್ತಿರುವುದು ಅಲ್ಲೇ. ಶಿಕ್ಷಕರಿದ್ದಾರೆ, ಬಿಸಿಯೂಟ ಇದೆ, ಮಗು ಇಲ್ಲ. ಆ ಪಟ್ಟಿ ಹಿಡಿದು ತೋಟದ ಮಾಲೀಕರ ಬಳಿ ಹೋಗಿ, ಚಿಕ್ಕ ಮಕ್ಕಳನ್ನು ಅಂಗನವಾಡಿಗೆ ಬಿಡುವ ಏರ್ಪಾಡು ಕೇಳಿ.

ಶಾಲೆ ಸೇರಿಸುವ ಮಾತು ಮತ್ತೆ ಬಂದರೆ ವಾಹನದ ಖರ್ಚನ್ನೂ ಕೂಡಿಸಿ ಎನ್ನಿ. 1ರಿಂದ 5ರ ಮಕ್ಕಳಿಗೆ 1 ಕಿ.ಮೀ. ಒಳಗೆ ಶಾಲೆ ಇರಬೇಕೆಂದು ನಿಯಮವೇ ಇದೆ. 4 ಕಿ.ಮೀ. ಆನೆ ದಾರಿಯಲ್ಲಿ 22 ಮಕ್ಕಳನ್ನು ದಿನಾ ಎರಡು ಹೊತ್ತು ಜೀಪಿನಲ್ಲಿ ಕರೆದೊಯ್ಯಲು ಎಷ್ಟಾಗುತ್ತದೆ ಎಂದು ಊರಿನ ಜೀಪಿನವರಿಂದಲೇ ಬರೆಸಿಕೊಂಡು ಗ್ರಾಮಸಭೆಗೆ ಹೋಗಿ.