ಮನೆ ಎಸಿ ಬದಲಿಸಲು ಪರ್ಮಿಟ್ ಬೇಕೇ ಬೇಕಾ? ಕಂಟ್ರಾಕ್ಟರ್ ಬೇಡ ಅಂತಾರೆ (ಸ್ಯಾನ್ ರಮೋನ್, ಕ್ಯಾಲಿಫೋರ್ನಿಯಾ)

ಬಿಸಿಲುಮಾರಿ:

1999ರಲ್ಲಿ ಕಟ್ಟಿದ ಸ್ವಂತ ಮನೆ. ಮೂರೂವರೆ ಟನ್ ಸ್ಪ್ಲಿಟ್ ಎಸಿ, 2011ರದ್ದು, ಗ್ಯಾಸ್ ಆರ್-410ಎ. ಕಂಡೆನ್ಸರ್ (ಕಂಪ್ರೆಸರ್ ಇರುವ ಹೊರಗಿನ ಪೆಟ್ಟಿಗೆ) ಮನೆ ಪಕ್ಕದ ಓಣಿಯಲ್ಲಿದೆ, ಫರ್ನೇಸ್ (ಮನೆ ಬಿಸಿ ಮಾಡಿ ಗಾಳಿ ತಳ್ಳುವ ಯಂತ್ರ) ಮತ್ತು ಕಾಯಿಲ್ (ಗಾಳಿ ತಂಪು ಮಾಡುವ ಸುರುಳಿ) ಅಟ್ಟದಲ್ಲಿವೆ. ಕಂಪ್ರೆಸರ್ ಹೋಗಿದೆ ಅಂತ ಹೇಳಿದ್ದಾರೆ. ಎರಡು ಕೊಟೇಶನ್ ಬಂದಿವೆ. ಒಬ್ಬರು ಕಂಡೆನ್ಸರ್, ಕಾಯಿಲ್ ಎರಡನ್ನೂ ಬದಲಿಸಿ ಪರ್ಮಿಟ್, ಟೆಸ್ಟ್ ಎಲ್ಲ ಸೇರಿಸಿ ಬರೆದಿದ್ದಾರೆ. ಇನ್ನೊಬ್ಬರು "ಹೊರಗಿನದು ಮಾತ್ರ ಸಾಕು, ಇದ್ದದ್ದನ್ನು ತೆಗೆದು ಅಂಥದ್ದೇ ಇಡೋದು, ಇದಕ್ಕೆಲ್ಲ ಪರ್ಮಿಟ್ ಯಾಕೆ" ಅಂತಾರೆ. ಇವರದು 2,600 ಡಾಲರ್ ಕಡಿಮೆ. ಬೇಕಿದ್ದರೆ ನೀವೇ ಓನರ್ ಹೆಸರಲ್ಲಿ ಪರ್ಮಿಟ್ ತೆಗೀರಿ ಅಂತಲೂ ಹೇಳಿದರು.

ಯಾರ ಮಾತು ಸರಿ? ಇನ್‌ಸ್ಪೆಕ್ಟರ್ ಬಂದರೆ ಏನೇನು ನೋಡ್ತಾರೆ? ಎಚ್ಒಎ (ಮನೆ ಮಾಲೀಕರ ಸಂಘ) ಒಪ್ಪಿಗೆ ಪತ್ರ ಇದ್ದರೆ ಸಾಲದಾ?

ಡಕ್ಟ್‌ಮೇಸ್ತ್ರಿ:

ಮೊದಲು ಒಂದು ಮಾತು: ಕಂಪ್ರೆಸರ್ ಹೋಗಿದೆ ಅಂತ ಹೇಳಿದವರು ಮೀಟರ್ ಇಟ್ಟು ನೋಡಿದ್ದಾರಾ? ಹೊರಗಿನ ಫ್ಯಾನ್ ತಿರುಗುತ್ತಿದ್ದು ಕಂಪ್ರೆಸರ್ ಗುಂಯ್ ಅಂದು ನಿಂತುಬಿಡುತ್ತಿದ್ದರೆ ಅರ್ಧಕ್ಕರ್ಧ ಸಲ ದೋಷ ಮೋಟರ್ ಶುರುಮಾಡೋ ಬಿಡಿಭಾಗ ಕೆಪಾಸಿಟರಿನದು. ಅದರ ಮೈಮೇಲೆ 45+5 ಮೈಕ್ರೋಫ್ಯಾರಡ್ ಅಂತ ಏನೋ ಬರೆದಿರುತ್ತದೆ. ಅಳತೆಯಲ್ಲಿ 45ರ ಜಾಗದಲ್ಲಿ 30 ತೋರಿಸಿದರೆ ಅದೇ ಕಳ್ಳ. ಬದಲಿಸೋದು ಹತ್ತು ನಿಮಿಷದ ಕೆಲಸ, ಅದಕ್ಕೆ ಪರ್ಮಿಟ್ ಬೇಡ. ಕಂಪ್ರೆಸರಿನ ವೈಂಡಿಂಗ್ (ಒಳಗಿನ ತಂತಿ ಸುತ್ತು) ಗ್ರೌಂಡಿಗೆ ಶಾರ್ಟ್ ಆಗಿದ್ದರೆ ಅದರ ಕಥೆ ಮುಗಿದ ಹಾಗೆ.

ಮುಗಿದಿದ್ದರೆ ಪರ್ಮಿಟ್ ಬೇಕೇ ಬೇಕು. "ಅಂಥದ್ದೇ ಇಡೋದು" ಅನ್ನುವ ವಿನಾಯಿತಿ ಕ್ಯಾಲಿಫೋರ್ನಿಯಾದಲ್ಲಿ ಇಲ್ಲ. ಕೋಡ್ ಬಿಟ್ಟುಕೊಟ್ಟಿರೋದು ಪೋರ್ಟಬಲ್ ಯೂನಿಟ್‌ಗಳನ್ನು, ಮತ್ತೆ ಕೆಪಾಸಿಟರ್, ಕಾಂಟ್ಯಾಕ್ಟರ್, ಫ್ಯಾನ್ ಮೋಟರ್‌ನಂಥ ಸಣ್ಣ ಬಿಡಿಭಾಗಗಳನ್ನು ಮಾತ್ರ.

ಹೊರಗಿನದನ್ನಷ್ಟೇ ಬದಲಿಸುವ ಯೋಚನೆಯಲ್ಲಿ ಇನ್ನೊಂದು ತೊಡಕಿದೆ. 2025ರ ಜನವರಿ 1ರಿಂದ ಮನೆ ಬಳಕೆಯ ಹೊಸ ಸಿಸ್ಟಮ್‌ಗಳನ್ನು ಆರ್-410ಎಯಲ್ಲಿ ತಯಾರಿಸುತ್ತಿಲ್ಲ. ಈಗ ಬರೋದು ಆರ್-454ಬಿ ಅಥವಾ ಆರ್-32. ಇವೆರಡೂ ಎ2ಎಲ್ ವರ್ಗ, ಅಂದರೆ ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗ್ಯಾಸ್. ನಿಮ್ಮ 2011ರ ಕಾಯಿಲ್‌ಗೆ ಈ ಗ್ಯಾಸಿನ ಮಾನ್ಯತೆ ಇಲ್ಲ. ಹೊಸ ಕಾಯಿಲ್‌ಗಳ ಜೊತೆ ಲೀಕ್ ಸೆನ್ಸರ್ ಬರುತ್ತದೆ. ಗ್ಯಾಸ್ ಸೋರಿದರೆ ಅದು ಕಂಪ್ರೆಸರ್ ನಿಲ್ಲಿಸಿ ಬ್ಲೋವರ್ ಓಡಿಸುತ್ತದೆ. ಹಾಗಾಗಿ ಎರಡನೆಯವರು ಇಡಲು ಹೊರಟಿರೋದು ಹಳೇ ಗ್ಯಾಸಿನದೇ ಪೆಟ್ಟಿಗೆ ಇರಬೇಕು, ಇಲ್ಲವೇ ಹೊಸ ಗ್ಯಾಸಿನ ಪೆಟ್ಟಿಗೆಗೆ ಹಳೇ ಕಾಯಿಲ್ ಜೋಡಿಸೋ ಸಾಹಸ ಇರಬೇಕು. ಎರಡನೆಯದಾದರೆ ನಮಸ್ಕಾರ ಹಾಕಿ ಕಳಿಸಿ. ಯಾರೇ ಆಗಲಿ, ಮಾಡೆಲ್ ನಂಬರ್ ಮತ್ತು ಎಎಚ್ಆರ್ಐ ನಂಬರ್ ಬರೆದುಕೊಡಿ ಅಂತ ಕೇಳಿ. ಕಂಡೆನ್ಸರ್, ಕಾಯಿಲ್, ಫರ್ನೇಸ್ ಒಂದಕ್ಕೊಂದು ಹೊಂದುತ್ತವೆ ಅನ್ನೋದಕ್ಕೆ ಆ ನಂಬರೇ ಪುರಾವೆ. ಮೂರೂವರೆ ಟನ್ ಅಂದರೆ 42,000 ಬಿಟಿಯು. 45,000ಕ್ಕಿಂತ ಕೆಳಗಿನ ಸ್ಪ್ಲಿಟ್ ಎಸಿಗೆ ಇಲ್ಲಿ ಕನಿಷ್ಠ 14.3 ಸಿಯರ್2, 11.7 ಇಇಆರ್2 (ಎರಡೂ ವಿದ್ಯುತ್ ದಕ್ಷತೆಯ ಅಳತೆ) ಇರಬೇಕು. ಲೆಕ್ಕಕ್ಕೆ ಬರೋದು ತಯಾರಾದ ದಿನ ಅಲ್ಲ, ಕೂರಿಸಿದ ದಿನ.

ಇನ್ನು ಟೆಸ್ಟ್. ಪರ್ಮಿಟ್ಟಿಗೆ ಕೊಡುವ ದುಡ್ಡಿನ ನಿಜವಾದ ಬೆಲೆ ಇರೋದು ಇಲ್ಲೇ. ಕಂಡೆನ್ಸರ್ ಅಥವಾ ಕಾಯಿಲ್ ಬದಲಾದರೆ ಟೈಟಲ್ 24ರ (ರಾಜ್ಯದ ಕಟ್ಟಡ ನಿಯಮ) ಪ್ರಕಾರ ಹಳೇ ಡಕ್ಟ್‌ಗಳ (ಗಾಳಿ ಕೊಳವೆ) ಸೋರಿಕೆ ಅಳೆಯಲೇಬೇಕು, ಮಿತಿ 10 ಶೇಕಡಾ. ನಿಮ್ಮ ಲೆಕ್ಕ: ಟನ್ನಿಗೆ 400 ಸಿಎಫ್ಎಂ (ನಿಮಿಷಕ್ಕೆ ಹರಿಯುವ ಗಾಳಿ, ಘನ ಅಡಿಗಳಲ್ಲಿ), ಮೂರೂವರೆ ಟನ್ನಿಗೆ 1,400. ಎಲ್ಲ ಗ್ರಿಲ್ಲುಗಳಿಗೂ ಟೇಪ್ ಅಂಟಿಸಿ, ಫ್ಯಾನ್ ಹಚ್ಚಿ 25 ಪ್ಯಾಸ್ಕಲ್ ಒತ್ತಡ ತಂದಾಗ ಸೋರುವ ಗಾಳಿ 140 ಸಿಎಫ್ಎಂ ದಾಟಬಾರದು. 1999ರ ಡಕ್ಟು ಮೊದಲ ಸಲಕ್ಕೆ ಪಾಸಾಗೋದು ಕಷ್ಟ. ಸೋರೋ ಜಾಗ ಯಾವಾಗಲೂ ಅವೇ: ಕಾಯಿಲ್ ಪೆಟ್ಟಿಗೆ ಮತ್ತು ಪ್ಲೀನಮ್ (ಡಕ್ಟ್‌ಗಳು ಹೊರಡೋ ದೊಡ್ಡ ಡಬ್ಬ) ಸೇರೋ ಅಂಚು, ರಿಟರ್ನ್ ಡಬ್ಬ, ಗ್ರಿಲ್ಲಿನ ತಗಡಿಗೂ ಜಿಪ್ಸಮ್ ಬೋರ್ಡಿಗೂ ನಡುವಿನ ಸಂದು. ಬಟ್ಟೆಯ ಡಕ್ಟ್ ಟೇಪ್ ಅಟ್ಟದ ಬಿಸಿಗೆ ಒಣಗಿ ಹಪ್ಪಳದ ಹಾಗೆ ಎದ್ದು ಬಂದಿರುತ್ತದೆ. ಸಂದು ಮುಚ್ಚೋ ಅಂಟು ಮ್ಯಾಸ್ಟಿಕ್ ಬಳೀಬೇಕು. ಎಷ್ಟು ಬಳಿದರೂ ಮಿತಿಗೆ ಬರದಿದ್ದರೆ, ಕೈಗೆ ಸಿಗುವ ಸೋರಿಕೆಗಳೆಲ್ಲ ಮುಚ್ಚಿವೆ ಅಂತ ಹೊಗೆ ಬಿಟ್ಟು ತೋರಿಸೋ ದಾರಿಯೂ ಉಂಟು.

ಸ್ಯಾನ್ ರಮೋನ್ ಇರೋದು ಹವಾಮಾನ ವಲಯ 12ರಲ್ಲಿ. ಹಾಗಾಗಿ ಗ್ಯಾಸ್ ಚಾರ್ಜ್ (ತುಂಬಿದ ಗ್ಯಾಸಿನ ಪ್ರಮಾಣ) ಮತ್ತು ಗಾಳಿಯ ಹರಿವಿನ ಪರೀಕ್ಷೆಯೂ ಆಗಬೇಕು. ಟನ್ನಿಗೆ 300ರಂತೆ ನಿಮಗೆ ಕನಿಷ್ಠ 1,050 ಸಿಎಫ್ಎಂ ಹರಿಯಬೇಕು. ಬೆಟ್ಟದಾಚೆ ಸ್ಯಾನ್ ಹೋಸೆ ಕಡೆ ವಲಯ 4, ಅಲ್ಲಿ ಎಸಿಗೆ ಈ ಚಾರ್ಜ್ ಪರೀಕ್ಷೆ ಕಡ್ಡಾಯ ಇಲ್ಲ. ಅಲ್ಲಿನ ಗೆಳೆಯರು "ನಮಗೆ ಕೇಳಲೇ ಇಲ್ಲ" ಅಂದರೆ ಗಲಿಬಿಲಿ ಬೇಡ. ಇನ್ನೊಂದು, ಹೊರಗೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ತಂಪಿದ್ದರೆ ಮಾಮೂಲಿ ವಿಧಾನದಲ್ಲಿ ಚಾರ್ಜ್ ಅಳೆಯೋಕಾಗಲ್ಲ, ಗ್ಯಾಸನ್ನು ತೂಕ ಮಾಡಿ ತುಂಬೋ ವಿಧಾನಕ್ಕೆ ಹೋಗಬೇಕು. ಡಿಸೆಂಬರಿನಲ್ಲಿ ಹಾಕಿಸುವವರಿಗೆ ಈ ತಲೆನೋವು.

ಕಾಗದ ಮೂರು: ಪರ್ಮಿಟ್ ಅರ್ಜಿಯ ಜೊತೆ ಸಿಎಫ್1ಆರ್, ಕೂರಿಸಿದವರ ಸಿಎಫ್2ಆರ್, ಪರೀಕ್ಷೆ ಮಾಡಿದವರ ಸಿಎಫ್3ಆರ್. ಮೂರನೆಯದಕ್ಕೆ ಸಹಿ ಹಾಕುವವರು ಕಂಟ್ರಾಕ್ಟರಿನ ಸ್ವಂತ ಜನ ಆಗಿರುವಂತಿಲ್ಲ, ಸ್ವತಂತ್ರ ರೇಟರ್ ಆಗಿರಬೇಕು. ಹರ್ಸ್ ರೇಟರ್ ಅಂತಿದ್ದ ಇವರಿಗೆ 2026ರಿಂದ ಇಸಿಸಿ ರೇಟರ್ ಅಂತ ಹೆಸರು.

ಕರೆಂಟ್‌ರಾಯ:

ಮೇಸ್ತ್ರಿಗಳು ಗಾಳಿ, ಗ್ಯಾಸ್ ನೋಡಿಕೊಂಡರು. ಇನ್‌ಸ್ಪೆಕ್ಟರ್ ಹತ್ತಿರ ಜಾಸ್ತಿ ಫೇಲ್ ಆಗೋದು ಬ್ರೇಕರ್ ವಿಷಯದಲ್ಲಿ.

ಹೊಸ ಕಂಡೆನ್ಸರಿನ ನೇಮ್‌ಪ್ಲೇಟಲ್ಲಿ ಎರಡು ಸಂಖ್ಯೆ ಇರುತ್ತವೆ. ಎಂಸಿಎ ಅನ್ನೋದು ವೈರು ಹೊರಬೇಕಾದ ಕನಿಷ್ಠ ಆಂಪ್ಸ್, ಎಂಒಸಿಪಿ ಅನ್ನೋದು ಬ್ರೇಕರಿನ ಗರಿಷ್ಠ. ಉದಾಹರಣೆಗೆ 22.4 ಮತ್ತು 35 ಅಂತಿದೆ ಅಂದುಕೊಳ್ಳಿ. ಹಳೇ ಯೂನಿಟ್ಟಿಗೆ ಹಾಕಿದ್ದ 50 ಆಂಪಿನ ಬ್ರೇಕರ್ ಪ್ಯಾನೆಲಲ್ಲಿ ಹಾಗೇ ಇದ್ದರೆ ಫೇಲ್. ಹೊಸ ಯಂತ್ರ ಕರೆಂಟ್ ಕಡಿಮೆ ಎಳೆಯುತ್ತೆ, ಒಳ್ಳೇದೇ ಅಲ್ವಾ ಅಂತ ಬಿಡೋ ಹಾಗಿಲ್ಲ. ಒಳಗೆ ಏನಾದರೂ ಕೆಟ್ಟಾಗ 50ರ ಬ್ರೇಕರ್ ಬೀಳೋ ಹೊತ್ತಿಗೆ ಮೋಟರ್ ಬೆಂದಿರುತ್ತದೆ. ಪ್ಯಾನೆಲ್ ಬ್ರೇಕರನ್ನು 35ಕ್ಕೆ ಇಳಿಸಬೇಕು, ಅಥವಾ ಹೊರಗಿನ ಡಿಸ್‌ಕನೆಕ್ಟ್ ಡಬ್ಬದಲ್ಲಿ (ಯೂನಿಟ್ಟಿಗೆ ಕರೆಂಟ್ ಕಡಿಯೋ ಸ್ವಿಚ್) ಆ ಅಳತೆಯ ಫ್ಯೂಸ್ ಇರಬೇಕು.

ಡಿಸ್‌ಕನೆಕ್ಟ್ ಯೂನಿಟ್ಟಿನಿಂದ ಕಣ್ಣಿಗೆ ಕಾಣೋ ಜಾಗದಲ್ಲಿರಬೇಕು, ಅದರ ಮುಂದೆ 30 ಇಂಚು ಅಗಲ, 36 ಇಂಚು ಆಳ ಖಾಲಿ ಬಿಡಬೇಕು. ಪಕ್ಕದ ಓಣಿ ಅಂದಿರಿ, ಇದನ್ನು ಈಗಲೇ ಟೇಪ್ ಹಿಡಿದು ಅಳೆಯಿರಿ. ಹೊಸ ಯೂನಿಟ್‌ಗಳು ಹಳೇದಕ್ಕಿಂತ ದಪ್ಪ, ಕೆಲವೊಮ್ಮೆ ಡಿಸ್‌ಕನೆಕ್ಟ್ ಡಬ್ಬ ಅದರ ಬೆನ್ನ ಹಿಂದೆ ಅಡಗಿಹೋಗುತ್ತದೆ.

ಅಟ್ಟದಲ್ಲಿ ಕಾಯಿಲ್ ಕೆಳಗೆ ಎರಡನೇ ತಟ್ಟೆ, ಅದರ ಬೇರೆ ಡ್ರೈನ್ ಅಥವಾ ನೀರು ಏರಿದರೆ ಎಸಿ ನಿಲ್ಲಿಸೋ ಫ್ಲೋಟ್ ಸ್ವಿಚ್ ನೋಡ್ತಾರೆ. ಡ್ರೈನ್ ಪೈಪು ಅಡಿಗೆ ಎಂಟನೇ ಒಂದು ಇಂಚು ಇಳಿಜಾರಿರಬೇಕು. ಹೊರಗೆ ಎಸಿ ಗ್ಯಾಸಿನ ತಾಮ್ರದ ಪೈಪಿನ ಕಪ್ಪು ಫೋಮ್ ಬಿಸಿಲಿಗೆ ಬೆತ್ತಲೆ ಬಿದ್ದಿದ್ದರೆ ಅದಕ್ಕೆ ಕವಚ ಹಾಕಿ ಅಂತಾರೆ.

ಯಾರೂ ಊಹಿಸದ್ದು ಒಂದು: 1,000 ಡಾಲರ್ ದಾಟಿದ ಪರ್ಮಿಟ್ ಕೆಲಸ ಅಂದರೆ ಮನೆಯ ಹೊಗೆ ಅಲಾರ್ಮ್, ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್ ಸರಿಯಿರಬೇಕು. ಹೊಗೆಯದು ಪ್ರತಿ ಬೆಡ್‌ರೂಮಲ್ಲಿ, ಅವುಗಳ ಹೊರಗೆ, ಪ್ರತಿ ಮಹಡಿಯಲ್ಲಿ. ಎಸಿ ಎಲ್ಲ ಸರಿಯಿದ್ದೂ ಎರಡು ಅಲಾರ್ಮ್ ಇಲ್ಲ ಅಂತ ಮತ್ತೆ ಬರೋ ಹಾಗಾಗುತ್ತದೆ. ಹಿಂದಿನ ದಿನವೇ ತಂದು ಅಂಟಿಸಿ.

ಕಾಗದಪತ್ರ:

ಓನರ್ ಹೆಸರಲ್ಲಿ ಪರ್ಮಿಟ್ ತೆಗೀರಿ ಅಂದರಲ್ಲ, ಅಲ್ಲೇ ಎಚ್ಚರ ಆಗಬೇಕಿತ್ತು. ತೆಗೆಯೋಕೆ ಕಾನೂನಿನ ಅಡ್ಡಿ ಏನಿಲ್ಲ. ಆದರೆ ಆಗ ನೀವು ಓನರ್-ಬಿಲ್ಡರ್. ಕೆಲಸ ತಪ್ಪಾದರೆ, ಅಟ್ಟದಿಂದ ಯಾರಾದರೂ ಬಿದ್ದರೆ, ಹೊಣೆ ನಿಮ್ಮ ಕುತ್ತಿಗೆಗೆ. ಲೈಸೆನ್ಸ್ ಇದ್ದವರು ತಮ್ಮ ಹೆಸರಲ್ಲೇ ತೆಗೀತಾರೆ. ಸಿಎಸ್ಎಲ್‌ಬಿ (ಕಂಟ್ರಾಕ್ಟರ್‌ಗಳಿಗೆ ಲೈಸೆನ್ಸ್ ಕೊಡೋ ರಾಜ್ಯ ಮಂಡಳಿ) ವೆಬ್‌ಸೈಟಲ್ಲಿ ಅವರ ನಂಬರ್ ಹಾಕಿ: ಎಸಿ ಕೆಲಸದ ವರ್ಗ ಸಿ-20 ಇದೆಯಾ, ಚಾಲ್ತಿಯಲ್ಲಿದೆಯಾ, ಕೆಲಸಗಾರರ ವಿಮೆ ಇದೆಯಾ, ಮೂರೂ ನೋಡಿ. 2025ರಿಂದ ಲೈಸೆನ್ಸ್ ಇಲ್ಲದವರಿಗೆ ಸಿಕ್ಕಿರೋ ಸಡಿಲಿಕೆ 1,000 ಡಾಲರಿನೊಳಗಿನ ಕೆಲಸಕ್ಕೆ ಮಾತ್ರ, ಅದೂ ಪರ್ಮಿಟ್ ಬೇಕಿಲ್ಲದ ಕೆಲಸಕ್ಕೆ.

ಮುಂಗಡ ಒಟ್ಟು ಮೊತ್ತದ 10 ಶೇಕಡಾ ಅಥವಾ 1,000 ಡಾಲರ್, ಯಾವುದು ಕಡಿಮೆಯೋ ಅಷ್ಟೇ. ಅರ್ಧ ಈಗಲೇ ಕೊಡಿ ಅನ್ನುವವರು ಅಲ್ಲೇ ಕಾನೂನು ಮುರಿದಿದ್ದಾರೆ.

ಎಚ್ಒಎ ಪತ್ರ ಬೇರೆ, ಸಿಟಿ ಪರ್ಮಿಟ್ ಬೇರೆ. ಎಚ್ಒಎ ನೋಡೋದು ಜಾಗ, ಸದ್ದು, ಅಂದ. ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘದ ಎನ್ಒಸಿ ಇದ್ದ ಹಾಗೆ. ಹಳೇ ಪ್ಯಾಡ್ ಮೇಲೇ ಕೂರಿಸೋದಾದರೆ ಅದು ಸಲೀಸು. ಓಣಿಯ ಆಚೆ ಬದಿಗೆ ಸರಿಸಿದರೆ ಮಾತ್ರ ಬೇಲಿಯಿಂದ ಎಷ್ಟು ದೂರ ಅಂತ ಸಿಟಿಯೂ ಕೇಳುತ್ತದೆ.

ಪರ್ಮಿಟ್ ಇಲ್ಲದೆ ಹಾಕಿಸಿದರೆ ನಾಳೆಯೇ ಯಾರೂ ಬಂದು ಹಿಡಿಯಲ್ಲ, ನಿಜ. ಸಿಕ್ಕಿಹಾಕಿಕೊಳ್ಳೋದು ಮನೆ ಮಾರುವಾಗ. ಡಿಸ್‌ಕ್ಲೋಷರ್ ಫಾರ್ಮಿನಲ್ಲಿ ಪರ್ಮಿಟ್ ಇಲ್ಲದ ಬದಲಾವಣೆ ಏನಾದರೂ ಇದೆಯಾ ಅಂತ ನೇರ ಪ್ರಶ್ನೆ ಇರುತ್ತದೆ. ಹೌದು ಅಂದರೆ ಕೊಳ್ಳುವವರು ಚೌಕಾಸಿಗೆ ಇಳೀತಾರೆ, ಇಲ್ಲ ಅಂದರೆ ಸುಳ್ಳು ಸಹಿ. ಅಷ್ಟು ಹೊತ್ತಿಗೆ ಹಾಕಿದವರು ಫೋನೇ ಎತ್ತಲ್ಲ, ಡಕ್ಟ್ ಟೆಸ್ಟ್ ಖರ್ಚೂ ನಿಮ್ಮದೇ.

ಡಲ್ಲಾಸ್‌ಗೌಡ:

ಟೆಕ್ಸಸ್‌ನಿಂದ ಓದುತ್ತಿರುವವರಿಗೆ: ಮೇಲಿನ ಸಿಎಫ್ ಫಾರ್ಮ್, ರೇಟರ್ ಪುರಾಣ ಕ್ಯಾಲಿಫೋರ್ನಿಯಾದ್ದು, ಇಲ್ಲಿಗೆ ಅನ್ವಯಿಸಲ್ಲ. 14.3 ಸಿಯರ್2 ಮಾತ್ರ ಇಲ್ಲಿಗೂ ಅದೇ. ಲೈಸೆನ್ಸ್ ಕೊಡೋದು ರಾಜ್ಯದ ಲೈಸೆನ್ಸ್ ಇಲಾಖೆ ಟಿಡಿಎಲ್ಆರ್. ನಂಬರ್ ಟಿಎಸಿಎಲ್ಎ ಅಥವಾ ಟಿಎಸಿಎಲ್‌ಬಿ ಅಂತ ಶುರುವಾಗುತ್ತದೆ. ಬಿ ವರ್ಗದವರು 25 ಟನ್‌ವರೆಗೆ ಮಾಡಬಹುದು, ಮನೆಗೆ ಧಾರಾಳ. ಪರ್ಮಿಟ್ ಆಯಾ ಸಿಟಿಯದು. ಇಲ್ಲಿ ಫರ್ನೇಸ್ ಸಾಮಾನ್ಯವಾಗಿ ಅಟ್ಟದಲ್ಲೇ ಇರೋದರಿಂದ ಇನ್‌ಸ್ಪೆಕ್ಟರ್ ಕಣ್ಣು ಮೊದಲು ಹೋಗೋದು ತಟ್ಟೆ ಮತ್ತು ಫ್ಲೋಟ್ ಸ್ವಿಚ್ ಮೇಲೆ.

ಬಿಸಿಲುಮಾರಿ:

ಕೆಪಾಸಿಟರ್ ಅಳೆಸಿದೆ, 44.6 ಇದೆ, ಅದು ಸರಿ. ವೈಂಡಿಂಗ್ ಗ್ರೌಂಡಿಗೆ ಶಾರ್ಟ್. ಓಣಿ ಗೋಡೆಯಿಂದ ಬೇಲಿಗೆ 58 ಇಂಚು. ಮೊದಲನೆಯವರಿಗೇ ಕೊಡೋಣ ಅಂತಿದ್ದೇನೆ. ಹಳೇ ತಾಮ್ರದ ಪೈಪನ್ನೇ ಉಳಿಸಿಕೊಳ್ತೀವಿ ಅಂತಾರೆ, ಪರವಾಗಿಲ್ಲವಾ? ಮತ್ತೆ ಫೆಡರಲ್ ಟ್ಯಾಕ್ಸ್ ಕ್ರೆಡಿಟ್?

ಡಕ್ಟ್‌ಮೇಸ್ತ್ರಿ:

ಕ್ರೆಡಿಟ್ 2025ರ ಡಿಸೆಂಬರ್ 31ಕ್ಕೇ ಮುಗಿಯಿತು. ಪೈಪು ಉಳಿಸಿಕೊಳ್ಳಬಹುದು, ಆದರೆ ಹೊಸ ಯೂನಿಟ್ಟಿನ ಮ್ಯಾನುಯಲ್ ಹೇಳುವ ವ್ಯಾಸಕ್ಕೆ ಹೊಂದಬೇಕು. ವೈಂಡಿಂಗ್ ಶಾರ್ಟ್ ಅಂದರೆ ಒಳಗೆ ಎಣ್ಣೆ ಸುಟ್ಟು ಆಮ್ಲ ಆಗಿರುವ ಸಾಧ್ಯತೆ ಇದೆ. ಹಾಗಾಗಿ ಫ್ಲಶ್ ಮಾಡಿ, ನೈಟ್ರೋಜನ್ ತುಂಬಿ ಒತ್ತಡ ಪರೀಕ್ಷೆ ಮಾಡಿ, 500 ಮೈಕ್ರಾನ್‌ಗಿಂತ (ಉಳಿದ ಒತ್ತಡದ ಅಳತೆ) ಕೆಳಗೆ ವ್ಯಾಕ್ಯೂಮ್ ಎಳೆದು, ಪಂಪ್ ನಿಲ್ಲಿಸಿದ ಮೇಲೂ ನಿಲ್ಲುತ್ತಾ ಅಂತ ನೋಡಬೇಕು. ತೇವ, ಕೊಳೆ ಹಿಡಿಯೋ ಹೊಸ ಫಿಲ್ಟರ್ ಡ್ರೈಯರ್ ಹಾಕಬೇಕು. ಇಷ್ಟನ್ನೂ ಕೊಟೇಶನ್‌ನಲ್ಲೇ ಬರೆಸಿ. ಪೈಪು ಗೋಡೆಯೊಳಗೆ ಇಲ್ಲದೆ ಹೊರಗೇ ಹಾದುಹೋಗಿದ್ದರೆ ಹೊಸದೇ ಹಾಕಿಸಿ.

ಕಾಗದಪತ್ರ:

ಕೊನೆಯ ಕಂತು ಫೈನಲ್ ಇನ್‌ಸ್ಪೆಕ್ಷನ್ ಆದ ಮೇಲೆ ಅಂತಲೂ ಬರೆಸಿಕೊಳ್ಳಿ. ಪರ್ಮಿಟ್ ತೆಗೆದು, ಎಸಿ ಹಾಕಿ, ಇನ್‌ಸ್ಪೆಕ್ಷನ್ ಕರೆಯದೆ ಬಿಟ್ಟುಹೋಗೋರು ಬೇಕಾದಷ್ಟು ಜನ. ಹಾಗೆ ಬಿಟ್ಟ ಪರ್ಮಿಟ್ ಅವಧಿ ಮುಗಿದು ಸಿಟಿ ದಾಖಲೆಯಲ್ಲಿ ನೇತಾಡುತ್ತಿರುತ್ತದೆ. ಚೆಕ್ ಬರೆಯೋ ಮುಂಚೆ ಸಿಟಿ ವೆಬ್‌ಸೈಟಿನಲ್ಲಿ ಪರ್ಮಿಟ್ ನಂಬರ್ ಹಾಕಿ ನೋಡಿ: "ಇಶ್ಯೂಡ್" ಅಂತಿದ್ದರೆ ಇನ್ನೂ ಬಾಕಿ, "ಫೈನಲ್ಡ್" ಅಂತಿದ್ದರೆ ಕೊಡಿ.