ಹೋದವರ ಮಾತು ಎತ್ತಬಹುದಾ? ಮನೋವೈದ್ಯೆಯ ಜೊತೆ ಪ್ರಶ್ನೋತ್ತರ

ಅಡ್ಮಿನ್: ಗುಂಪಿನ ಮನೋವೈದ್ಯೆ ಮೇಡಂ ಇವತ್ತು ರಾತ್ರಿ 8ರಿಂದ ಸಾವಿನ ದುಃಖದ ಬಗ್ಗೆ ಉತ್ತರಿಸ್ತಾರೆ. ಹೆಸರು ಬೇಡ, ಊರು ಬರೆದರೆ ಸಾಕು.

ತಿಪಟೂರು: ಅಮ್ಮ ತೀರಿಕೊಂಡು 40 ದಿನ. ಅಕ್ಕ ಬಂದವರಿಗೆಲ್ಲ ಆಸ್ಪತ್ರೆಯ ಕೊನೇ ರಾತ್ರಿಯನ್ನೇ ಹೇಳ್ತಾಳೆ. ತಡೀಬೇಕಾ?

ಮೇಡಂ: ತಡೀಬೇಡಿ. ಸರಿಯಾಗಿ ಕೇಳಿಸಿಕೊಳ್ಳಿ, ಪ್ರತಿ ಸಲ ಸ್ವಲ್ಪ ಬದಲಾಗುತ್ತೆ. ಮೊದಮೊದಲು ಆಕ್ಸಿಜನ್, ಬಿಲ್ಲು, ಡ್ಯೂಟಿ ಡಾಕ್ಟರು ಅಷ್ಟೇ ಇರುತ್ತೆ. ಯಾವತ್ತೋ ಒಂದಿನ ನಡುವೆ ಅಮ್ಮ ಮಾಡ್ತಿದ್ದ ಹುರುಳಿ ಸಾರು ಬರುತ್ತೆ, ಬೈಗುಳ ಬರುತ್ತೆ. ಆಗ ಕೊನೇ ರಾತ್ರಿಯ ಅಮ್ಮ ಒಬ್ಬರೇ ಅಲ್ಲ, ಇಡೀ ಅಮ್ಮ ಸಿಗ್ತಾರೆ. ತಿಥಿ ಊಟಕ್ಕೆ ಕೂತಾಗ ಯಾರಾದರೂ ‘ಅವಳಿಗೆ ಇದು ಬಲು ಇಷ್ಟ’ ಅಂತ ಶುರು ಮಾಡ್ತಾರಲ್ಲ, ಆ ಮಾತಿಗೆ ತುಂಬ ಬೆಲೆ ಇದೆ.

ಕೋಲಾರ: ದುಃಖ ಎಷ್ಟು ದಿನ ಇದ್ದರೆ ನಾರ್ಮಲ್?

ಮೇಡಂ: ದಿನ ಎಣಿಸೋಕಾಗಲ್ಲ. ಕನಿಷ್ಠ 6 ತಿಂಗಳಾದರೂ ತೀವ್ರತೆ ಇಳಿಯದೆ, ದಿನದ ಕೆಲಸವೇ ಆಗದಂತಿದ್ದರೆ, ಅದೂ ನಿಮ್ಮ ಕಡೆಯ ರೂಢಿಯನ್ನು ಮೀರಿದ್ದರೆ, ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಅನ್ನೋ ರೋಗಗಳ ಪಟ್ಟಿ ಅದನ್ನು ಕಾಯಿಲೆ ಅನ್ನುತ್ತೆ.

ಮೈಸೂರು: (ಫಾರ್ವರ್ಡ್) ಸತ್ತವರ ಹೆಸರು ಹೇಳಿ ಅತ್ತರೆ ಆತ್ಮಕ್ಕೆ ದಾರಿ ಸಿಗದು. ಫೋಟೊ, ಬಟ್ಟೆ ತೆಗೆದುಬಿಡಿ. 21 ದಿನ ಅಶ್ವಗಂಧ ಕಷಾಯ ಕುಡಿದರೆ ಶೋಕ ಮಾಯ. 10 ಜನರಿಗೆ ಕಳಿಸಿ.

ಮೇಡಂ: ಯಾರಿಗೂ ಕಳಿಸಬೇಡಿ. ಥೈರಾಯ್ಡ್ ಮಾತ್ರೆ ತಗೊಳ್ಳೋರು ಅಶ್ವಗಂಧವನ್ನು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಪಕ್ಕದ ಮನೆಯವರ ನಿದ್ದೆ ಮಾತ್ರೆಯೂ ಬೇಡ.

ಹಾಸನ: ಅಣ್ಣ ಬೈಕ್ ಅಪಘಾತದಲ್ಲಿ ಹೋಗಿ 8 ತಿಂಗಳು. ಅಪ್ಪನಿಗೆ ಬಿಪಿ ಅಂತ ಮನೇಲಿ ಯಾರೂ ಅವನ ಹೆಸರೆತ್ತಲ್ಲ. ಅಪ್ಪ ದಿನಾ ರಾತ್ರಿ 9ಕ್ಕೆ ಅವನ ಹೆಲ್ಮೆಟ್ ಒರೆಸಿ, ಹೊರಗಿನ ಲೈಟ್ ಹಾಕಿ, ಗೇಟಿನ ಚಿಲಕ ತೆಗೆದಿಟ್ಟು ಬರ್ತಾರೆ. ಮಾತಿಲ್ಲ. ಎರಡು ವಾರದಿಂದ ಬಿಪಿ ಮಾತ್ರೆ ಬಿಟ್ಟಿದ್ದಾರೆ. ನಿನ್ನೆ ಪಾಸ್‌ಬುಕ್ಕು, ಇನ್ಶೂರೆನ್ಸ್ ಬಾಂಡು ಎಲ್ಲಿದೆ ಅಂತ ತೋರಿಸಿ ‘ನಿಂಗೆ ಗೊತ್ತಿರ್ಲಿ’ ಅಂದ್ರು.

ಮೇಡಂ: ತಂಗಿ, ಮಿಕ್ಕಿದ್ದೆಲ್ಲ ಆಮೇಲೆ, ಮೊದಲು ಇದು. ಮಾತ್ರೆ ಬಿಟ್ಟಿದ್ದು, ಬಾಂಡು ತೋರಿಸಿದ್ದು ನನಗೆ ಹೆದರಿಕೆ ಹುಟ್ಟಿಸ್ತಿದೆ. ಈಗಲೇ ಹೋಗಿ ನೇರವಾಗಿ ಕೇಳಿ, ‘ಅಪ್ಪಾ, ಸಾಯಬೇಕು ಅನ್ನಿಸ್ತಿದೆಯಾ?’ ಅಂತ. ಕೇಳಿದ್ದರಿಂದ ಆ ಯೋಚನೆ ಹುಟ್ಟಲ್ಲ, ಎಷ್ಟೋ ಜನಕ್ಕೆ ಕೇಳೋರು ಸಿಕ್ಕಿದ್ದೇ ಉಸಿರು ಬಂದಂತಾಗುತ್ತೆ. ತೋಟದ ಔಷಧಿ, ಹೆಚ್ಚುವರಿ ಮಾತ್ರೆ ಮನೇಲಿದ್ದರೆ ಇವತ್ತೇ ಹೊರಗೆ ಸಾಗಿಸಿ. ರಾತ್ರಿ ಒಬ್ಬರನ್ನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲೂ ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ಬೆಳಿಗ್ಗೆ ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಕರ್ಕೊಂಡು ಹೋಗಿ.

ಇನ್ನು ಹೆಸರೆತ್ತದ ವಿಷಯ. ನೀವು ಅವರ ನೋವಿಗೆ ಹೆದರಿ ಸುಮ್ಮನಿದ್ದೀರಿ, ಅವರು ನಿಮ್ಮದಕ್ಕೆ. ಮಗನ ಬಗ್ಗೆ ಹೇಳಿಕೊಳ್ಳೋಕೆ ಅವರಿಗೆ ಆ ಹೆಲ್ಮೆಟ್ ಬಿಟ್ಟು ಯಾರೂ ಉಳಿದಿಲ್ಲ. ಚಿಕಿತ್ಸೆ ಶುರುವಾಗಲಿ, ಜೊತೆಗೇ ಒಂದು ರಾತ್ರಿ ನೀವೂ ಬಟ್ಟೆ ತಗೊಂಡು ಪಕ್ಕ ಕೂತ್ಕೊಳ್ಳಿ. ‘ಇದನ್ನ ಅವನಿಗೆ ಎಲ್ಲಿ ಕೊಡಿಸಿದ್ರಿ?’ ಅಂತ ಕೇಳಿ. ಅಪಘಾತದ ದಿನ ಕೆದಕಬೇಡಿ. ಅವರು ಬಾಯಿ ಬಿಡದಿದ್ದರೆ ಅಣ್ಣನ ಒಂದು ಸಂಗತಿ ನೀವೇ ಹೇಳಿ ಸುಮ್ಮನಾಗಿ.

ಬೆಂಗಳೂರು: ಶೋಕಕ್ಕೆ ಐದು ಹಂತ ಅಂತಾರಲ್ಲ, ಇವರದು ಎಷ್ಟನೇದು?

ಮೇಡಂ: ಮನೋವೈದ್ಯೆ ಕ್ಯೂಬ್ಲರ್-ರಾಸ್ 1969ರಲ್ಲಿ ಅದನ್ನು ಬರೆದಿದ್ದು ಸಾವಿನ ಹತ್ತಿರವಿದ್ದ ರೋಗಿಗಳನ್ನು ಮಾತಾಡಿಸಿ. ಉಳಿದವರು ಹತ್ತಬೇಕಾದ ಮೆಟ್ಟಿಲಲ್ಲ.

ಚಿಕ್ಕಮಗಳೂರು: ನನಗೆ ಐದನೇ ತಿಂಗಳಲ್ಲಿ ಹೋಯ್ತು. ಎಲ್ಲರೂ ‘ಇನ್ನೊಂದು ಆಗುತ್ತೆ ಬಿಡು’ ಅಂತಾರೆ. ಹೇಳೋಣ ಅಂದ್ರೆ ನನ್ನ ಹತ್ರ ಕತೆಯೇ ಇಲ್ಲ.

ಹುಬ್ಬಳ್ಳಿ: ನಮ್ಮ ಕಡೆ ಹೆಣದ ಮುಂದ ಹಾಡ್ಯಾಡಿ ಅಳತಾರ್ರಿ. ನಮ್ಮವ್ವ ಹೋದಾಗ ದೊಡ್ಡವ್ವ ‘ಸಂತಿಗೆ ಹೋದ್ರ ನನಗ ಬಳಿ ತರತಿದ್ದೆಲ್ಲ ತಂಗಿ’ ಅಂತ ಒಂದೊಂದ ತೆಗದು ಅತ್ತಳು. ಅವ್ವ ಬಳಿ ತರತಿದ್ದದ್ದು ನನಗ ಅವತ್ತ ಗೊತ್ತಾತು.

ಬೆಂಗಳೂರು: ಎಲ್ಲರೆದುರು ಅದೆಲ್ಲ ಪ್ರದರ್ಶನ. ದುಃಖ ಖಾಸಗಿ ವಿಷಯ.

ಹುಬ್ಬಳ್ಳಿ: ನಮ್ಮವ್ವನ ಸಾವು ಪ್ರದರ್ಶನ ಏನ್ರಿ? ಬಾಯಾಗ ಬಂದಂಗ ಬರೀಬ್ಯಾಡ್ರಿ.

ಮೈಸೂರು: ಅದಕ್ಕೇ ಹೇಳಿದ್ದು, ಅಳಬಾರದು ಅಂತ.

ಕೋಲಾರ: ಒಂದು ವರ್ಷ ದುಃಖ ಇರಬಹುದಾ ಮೇಡಂ?

ಮೇಡಂ: ಮೇಲೆ ಓದಿ. ಬೆಂಗಳೂರಿನವರೇ, ಕೆಲವರು ಒಬ್ಬರೇ ಬರೆದಿಟ್ಟುಕೊಳ್ತಾರೆ, ಕೆಲವರು ಊರೆದುರು ಅಳ್ತಾರೆ. ಮನಸ್ಸಿಲ್ಲದವರಿಂದ ಮಾರನೇ ದಿನವೇ ಬಲವಂತವಾಗಿ ಹೇಳಿಸೋದು ಮಾತ್ರ ತಪ್ಪು, ಅದರಿಂದ ಕೆಲವರಿಗೆ ಇನ್ನೂ ಕೆಡುಕಾಗುತ್ತೆ. ಮೈಸೂರಿನವರೇ, ಇನ್ನೊಂದು ಸಲ ಬರೆದರೆ ಅಡ್ಮಿನ್‌ಗೆ ಹೇಳ್ತೀನಿ.

ಹಾಸನ: ಕೇಳಿದೆ ಮೇಡಂ. ತುಂಬ ಹೊತ್ತು ಸುಮ್ಮನಿದ್ದು ‘ಅನ್ನಿಸುತ್ತೆ’ ಅಂದ್ರು. ಮಾವ ಬಂದು ಅಪ್ಪನ ಕೋಣೇಲೇ ಮಲಗ್ತಿದ್ದಾರೆ.

ಮೇಡಂ: ನನ್ನ ನಂಬರ್ ನಿಮ್ಮ ಇನ್‌ಬಾಕ್ಸ್‌ಗೆ ಹಾಕಿದೀನಿ. ಈಗಲೇ ಫೋನ್ ಮಾಡಿ. ಗುಂಪಿನವರಿಗೆ, ನನಗೆ ಇವತ್ತು ಇಷ್ಟೇ.

ಬೆಂಗಳೂರು: ಮೇಡಂ ನನ್ನ ಮಾತನ್ನು ತಪ್ಪು ತಿಳಿದರು.

ಚಿಕ್ಕಮಗಳೂರು: ನನ್ನ ಪ್ರಶ್ನೆ ಮೇಲೆ ಹೋಗಿಬಿಡ್ತು.

ಹುಬ್ಬಳ್ಳಿ: ಯವ್ವಾ, ನಾ ಡಾಕ್ಟರ್ ಅಲ್ಲ. ಹೆಸರ ಏನಂತ ಇಡಬೇಕಂತ ಮಾಡಿದ್ರಿ?